ನಿರಾಕ್ಷೇಪಣೆ ಎಂಬ ನನ್ನ ಬ್ರಹ್ಮಾಸ್ತ್ರ

ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಹುಕ್ಕೇರಿ ತಾಲೂಕಿನಲ್ಲೇ ಇಲ್ಲ ಎಂದು ನಾನು ನಂಬಿದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿದ ಹೈಸ್ಕೂಲು ಮಾಸ್ತರನಿಗೆ ಇಷ್ಟು ನಂಬಿಕೆಯಾದರೂ ಬೇಡವೇ!

ನಮ್ಮೂರ ಗಾಯರಾಣದಲ್ಲಿ, ಅಂದರೆ ಊರಿನ ದನ-ಕುರಿಗಳೆಲ್ಲ ಮೇಯುವ ಹುಲ್ಲುಗಾವಲಿನಲ್ಲಿ, ಮನೆಗಳ ಬಡಾವಣೆ ಮಾಡುತ್ತಾರೆಂದು ಪಂಚಾಯಿತಿ ಗೋಡೆಗೆ ನೋಟೀಸು ಅಂಟಿತು. ತಕರಾರು ಇದ್ದವರು ಬರೆದು ಕೊಡಬೇಕು, ಕೊನೆಯ ದಿನ ತಹಶೀಲ್ದಾರ ಸಾಹೇಬರು ಸ್ಥಳ ನೋಡಲು ಬರುತ್ತಾರೆ ಎಂದಿತ್ತು. ಮರುದಿನವೇ ಕುರಿ ಕಾಯುವ ಲಗಮವ್ವ ನಮ್ಮ ಕಟ್ಟೆಗೆ ಬಂದಳು.

“ಮಾಸ್ತರ್ರ, ಆ ಹುಲ್ಲ ಹೋತಂದ್ರ ನಾ ಕುರಿ ಮಾರಬೇಕಾಕ್ಕೈತ್ರಿ. ಹುಟ್ಟಿದಾಗಿಂದ ಅವುಗಳ ಹಿಂದನ ನಡದೇನಿ. ಆಮ್ಯಾಲ ಯಾರ ಹಿಂದ ನಡೀಲಿ?”

“ನಾ ಇದ್ದೇನಲ್ಲ, ಚಿಂತಿ ಬಿಡಬೇ ಯವ್ವಾ!”

ತಕರಾರು ಎಂಬ ಶಬ್ದ ನನಗೆ ಹಿಡಿಸಲಿಲ್ಲ. ನಲ್ಲಿಯ ಹತ್ತಿರ ಕೊಡ ಹಿಡಿದು ಆಡುವ ಶಬ್ದ! ಹಿಂದೊಮ್ಮೆ ಯಾವುದೋ ಕಚೇರಿಯ ಗೋಡೆಯ ಮೇಲೆ ‘ನಿರಾಕ್ಷೇಪಣಾ ಪತ್ರ’ ಎಂದು ಓದಿದ್ದು ನೆನಪಾಯಿತು. ಆಹಾ! ನಿರಾಕರಣೆ ಅರ್ಧ, ಆಕ್ಷೇಪಣೆ ಪೂರ್ತಿ. ಒಂದೇ ಶಬ್ದದಲ್ಲಿ ಎರಡು ಹೊಡೆತ! ‘ಸದರಿ ಬಡಾವಣೆಗೆ ಗ್ರಾಮಸ್ಥರೆಲ್ಲರ ಸಂಪೂರ್ಣ, ಅಚಲ ಹಾಗೂ ಒಮ್ಮತದ ನಿರಾಕ್ಷೇಪಣೆ ಇರುತ್ತದೆ’ ಎಂದು ಬರೆದಾಗ ನನಗೇ ಮೈ ಜುಮ್ಮೆನಿಸಿತು.

ಹೆಂಡತಿ ಸುನಂದಾ ರೊಟ್ಟಿ ಬಡಿಯುತ್ತಲೇ ಅಂದಳು: “ಒಮ್ಮೆ ಯಾರಿಗರ ತೋರಸ್ರಿ.”

“ಯಾರಿಗೆ? ಊರಾಗ ನನ್ನ ಬಿಟ್ಟು ಎಂ.ಎ. ಯಾರದಾರ?”

“ಅದಕ ಅಂದೆ.”

ಲಗಮವ್ವ ಕಾಗದವನ್ನು ಮೇಲೆ ಕೆಳಗೆ ನೋಡಿದಳು. “ಮಾಸ್ತರ್ರ, ಇದರಾಗ ‘ಬ್ಯಾಡ’ ಅಂತ ಎಲ್ಲೈತ್ರಿ? ಬೆರಳಿಟ್ಟ ತೋರಸ್ರಿ.”

“ಸರ್ಕಾರಿ ಕಾಗದದಾಗ ಹಂಗ ಬರಿಯಂಗಿಲ್ಲಬೇ.”

ಅವಳು ನನ್ನ ಮುಖವನ್ನೊಮ್ಮೆ ನೋಡಿ ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಊರೇ ಒತ್ತಿತು. ನಾನು ಮಾತ್ರ ಇಂಗ್ಲಿಷಿನಲ್ಲಿ ಸಹಿ ಮಾಡಿದೆ!

ಹುಕ್ಕೇರಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತರು ಓದಿ, ಮುಖ ಅರಳಿಸಿದರು. “ಇಂಥಾ ಸಮಾಧಾನದ ಊರ ನಾ ನೋಡೇ ಇಲ್ರಿ!” ನನ್ನ ಶೈಲಿಗೆ ಸಿಕ್ಕ ಮೆಚ್ಚುಗೆ ಎಂದುಕೊಂಡು ಬಸ್ಸು ಹತ್ತಿದೆ.

ಕೊನೆಯ ದಿನ ಸಾಹೇಬರು ಗಾಯರಾಣಕ್ಕೆ ಬಂದರು. ಹಿಂದೆಯೇ ಒಂದು ಜೆಸಿಬಿ. ಮೇಯುತ್ತಿದ್ದ ಕುರಿಗಳ ನಡುವೆ ಊರೆಲ್ಲ ನೆರೆದಿತ್ತು. ಸಾಹೇಬರು ನನ್ನ ಕಾಗದವನ್ನು ಗಟ್ಟಿಯಾಗಿ ಓದಿದರು.

“ನಿರಾಕ್ಷೇಪಣೆ ಅಂದ್ರ ಆಕ್ಷೇಪಣಿ ಏನೂ ಇಲ್ಲ ಅಂತ. ಎಲ್ಲಾರೂ ಒಪ್ಪೀರಿ. ಭಾಳ ಚೊಲೋ ಆತು!”

ಊರು ನನ್ನ ಕಡೆ ತಿರುಗಿತು.

“ಸಾಹೇಬ್ರ, ಒಂದ ನಿಮಿಷ...” ಎಂದು ಕೈ ಬೀಸಿದೆ. ಕೈಯಲ್ಲಿದ್ದ ಫೈಲು ಲಗಮವ್ವನ ಟಗರಿನ ಮೂಗಿಗೆ ಬಡಿಯಿತು! ಟಗರು ನಾಲ್ಕು ಹೆಜ್ಜೆ ಹಿಂದೆ ಹೋಯಿತು. ಕ್ಷಮಿಸಿತು ಎಂದುಕೊಂಡೆ.

ಕ್ಷಮಿಸಿರಲಿಲ್ಲ!

ಓಡಿದೆ. ಎದುರಿಗೆ ಸಿಕ್ಕಿದ್ದು ಜೆಸಿಬಿ. ಹತ್ತಿ ಡ್ರೈವರನ ತೊಡೆಯ ಮೇಲೇ ಕುಳಿತೆ. ಇಂಜಿನ್ನು ಚಾಲೂ ಇತ್ತು. ನನ್ನ ಮೊಣಕಾಲು ಯಾವುದೋ ಹಿಡಿಕೆಗೆ ತಾಗಿತು. ಮೇಲಿದ್ದ ಕಬ್ಬಿಣದ ಬಕೆಟ್ಟು ದಢಾರನೆ ನೆಲಕ್ಕೆ ಬಂತು. ಟಗರನ್ನು ಹಿಡಿಯಲು ಓಡಿ ಬಂದಿದ್ದ ಲಗಮವ್ವನ ಕಾಲಿಗೂ ಆ ಬಕೆಟ್ಟಿಗೂ ನಡುವೆ ಉಳಿದದ್ದು ಒಂದು ಗೇಣು.

ಒಂದೇ ಗೇಣು. ಈಗಲೂ ಊಟಕ್ಕೆ ಕುಳಿತಾಗ ಆ ಗೇಣು ಕಣ್ಣ ಮುಂದೆ ಬರುತ್ತದೆ. ತುತ್ತು ಕೈಯಲ್ಲೇ ಉಳಿಯುತ್ತದೆ.

ಅವಳು ಕದಲಲಿಲ್ಲ. ಒಂದೇ ಕೈಯಲ್ಲಿ ಟಗರಿನ ಕೋಡು ಹಿಡಿದು ನಿಂತು, ಬಕೆಟ್ಟನ್ನು ನೋಡಿದಳು, ನನ್ನನ್ನು ನೋಡಿದಳು.

“ಮಾಸ್ತರ್ರ, ಇಳೀರಿ. ನಿಮ್ಮ ಕೈಯಾಗ ಕಾಗದ ಕೊಟ್ಟಿದ್ದ ಸಾಕಾಗೈತಿ. ಗಾಡಿ ಬ್ಯಾರೆ ಬೇಕಾ?”

ನಕ್ಕವರಲ್ಲಿ ಸಾಹೇಬರೂ ಒಬ್ಬರು. ಅವರು ನಗುತ್ತಿರುವಾಗಲೇ ಅವಳು ಕೇಳಿದಳು: “ಸಾಹೇಬ್ರ, ತಕರಾರು ಕೊಡಾಕ ಇವತ್ತ ಸಂಜಿ ತನಾ ಟೈಮ್ ಐತ್ರಿಲ್ಲೊ?”

“ಐತಿ.”

“ಹಂಗಾರ ಇನ್ನೊಂದ ಕಾಗದ ತಗೋರಿ. ಮಾಸ್ತರ್ರ, ಬರೀರಿ: ‘ಗಾಯರಾಣದಾಗ ಮನಿ ಬ್ಯಾಡ.’ ಮುಗೀತು. ಮುಂದ ಒಂದ ಅಕ್ಷರ ಬರದ್ರ ಟಗರ ಬಿಡ್ತೇನಿ!”

ಬರೆದೆ. ಮೂರೇ ಶಬ್ದ! ಹೆಬ್ಬೆಟ್ಟಿಗೆ ಹಚ್ಚಲು ಶಾಯಿ ಇರಲಿಲ್ಲ. ಕುರಿಗಳಿಗೆ ಗುರುತು ಹಚ್ಚುವ ಕೆಂಪು ಬಣ್ಣದ ಡಬ್ಬಿಯನ್ನು ಅವಳು ಚೀಲದಿಂದ ತೆಗೆದಳು. ಊರೆಲ್ಲ ಮತ್ತೆ ಒತ್ತಿತು. ನಾನು ಪೆನ್ನಿನ ಮುಚ್ಚಳ ತೆಗೆದೆ.

“ಸಹಿ ಬ್ಯಾಡ್ರಿ, ಹೆಬ್ಬೆಟ್ಟ ಒತ್ರಿ. ಅದರಾಗ ತಪ್ಪ ಆಗಂಗಿಲ್ಲ.”

ಸಾಹೇಬರು ನನ್ನ ಕಾಗದದ ಮೇಲೆ ಗೀಟು ಎಳೆದು, ಅವಳ ಕಾಗದದ ಮೇಲೆ ‘ತಕರಾರು ಬಂದಿದೆ’ ಎಂದು ಬರೆದು, ಜೆಸಿಬಿಯನ್ನು ವಾಪಸು ಕಳಿಸಿದರು. ವಿಚಾರಣೆ ಇನ್ನೂ ನಡೆಯುತ್ತಿದೆ. ಕುರಿಗಳು ಇನ್ನೂ ಮೇಯುತ್ತಿವೆ.

ಸುನಂದಾ ನನ್ನ ಹೆಬ್ಬೆರಳು ನೋಡಿದಳು. “ಇದೇನ್ರಿ ಕೆಂಪಗ?”

“ಕುರಿಗೆ ಹಚ್ಚೋ ಬಣ್ಣ. ಎಷ್ಟ ತಿಕ್ಕಿದ್ರೂ ಹೋಗವಲ್ದು.”

“ಇರಲಿ ಬಿಡ್ರಿ. ಎಲ್ಲ್ಯಾರ ತಪ್ಪಿಸಿಕೊಂಡ್ರ, ಲಗಮವ್ವನ ಹಿಂಡಿನದು ಅಂತ ಗುರ್ತ ಹಿಡದ ಮನಿಗೆ ತಂದ ಬಿಡ್ತಾರ!”

ಅದಕ್ಕೆ ನನ್ನ ಸಂಪೂರ್ಣ ನಿರಾಕ್ಷೇಪಣೆ ಇದೆ. ಈ ಸಲ ಅರ್ಥ ತಿಳಿದೇ ಬರೆದಿದ್ದೇನೆ!