'ಪರವಾಗಿಲ್ಲ'ಕ್ಕೆ ಎಷ್ಟು ಅಂಕ?

ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಮೂರು ವಾರದಲ್ಲಿ ಮೂರು ಬಾಡಿಗೆ ಮನೆ ತೋರಿಸಿದ್ದರೂ ಒಬ್ಬರ ಬಾಯಿಂದಲೂ ನೆಟ್ಟಗೆ ಒಂದು ಮಾತು ಬಂದಿರಲಿಲ್ಲ. ಹೆಂಡತಿ 'ಪರವಾಗಿಲ್ಲ' ಎಂದಿದ್ದಳು. ತಾಯಿ 'ಏನೋಪ್ಪಾ' ಎಂದಿದ್ದರು. ಮಗಳು ಫೋನಿನಿಂದ ತಲೆಯೆತ್ತದೆ 'ಹೂಂ' ಎಂದಿದ್ದಳು. ಇರುವ ಮನೆ ಖಾಲಿ ಮಾಡಲು ಹತ್ತೇ ದಿನ ಉಳಿದಿತ್ತು.

ಕಾಲೇಜಿನಲ್ಲಿ ಇಪ್ಪತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವರು ಇಂಥ ಮಂಜುಮಂಜು ಮಾತಿಗೆ ಸೋಲುವುದೇ? ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹಾಸಿದರು. ಗಾಳಿ, ಬೆಳಕು, ನೀರು, ಅಡುಗೆಮನೆ, ಬಸ್ ಸ್ಟಾಪಿನ ದೂರ ಎಂದು ಐದು ಕಂಬಸಾಲು ಎಳೆದರು. 'ಪರವಾಗಿಲ್ಲ'ಕ್ಕೆ ಹತ್ತಕ್ಕೆ ಏಳು, 'ಏನೋಪ್ಪಾ'ಕ್ಕೆ ಐದು, 'ಹೂಂ'ಗೆ ಎಂಟು. (ಬರೀ ಮುಖ ತಿರುಗಿಸಿದ್ದಕ್ಕೂ ಮೂರು ಕೊಟ್ಟದ್ದು ಅವರ ಔದಾರ್ಯ.) ಗುಣಿಸಿ, ಕೂಡಿ, ಭಾಗಿಸಿ ಮಧ್ಯಾಹ್ನಕ್ಕೆ ಮಹಾತೀರ್ಪು ಹೊರಬಿತ್ತು.

"ಮೂರನೇ ಮನೆ! ಆರು ಪಾಯಿಂಟ್ ಏಳು!"

"ಅದಾ? ಆ ಅಡುಗೆಮನೇಲಿ ತಿರುಗೋಕೂ ಜಾಗ ಇಲ್ಲ ಕಣ್ರೀ," ಎಂದಳು ಹೆಂಡತಿ.

"ನೀನೇ ತಾನೇ ಪರವಾಗಿಲ್ಲ ಅಂದಿದ್ದು!"

"ಓನರ್ ಎದುರಿಗೇ ನಿಂತಿದ್ರು. ಮುಖಕ್ಕೆ ಹೊಡೆದ ಹಾಗೆ ಹೇಳೋಕಾಗುತ್ತಾ?"

"ಅಮ್ಮಾ, ನೀನಾದ್ರೂ ಹೇಳು."

"ಅಷ್ಟು ಮೆಟ್ಟಿಲು ನಾನೆಲ್ಲಿ ಹತ್ಲಪ್ಪ? ಕೆಳಗೆ ಕಾರಲ್ಲೇ ಕೂತಿದ್ದೆ. ನೀನು ಬಂದು ಕೇಳಿದೆ, ಏನೋಪ್ಪಾ ಅಂದೆ."

ಮೇಷ್ಟ್ರು ಮಗಳತ್ತ ತಿರುಗಿದರು.

"ನಾನು ಹೂಂ ಅಂದಿದ್ದು ನನ್ನ ಫ್ರೆಂಡ್‌ಗಪ್ಪಾ."

"ಇದು ದತ್ತಾಂಶ ಅಲ್ಲ, ದಗಾಂಶ!" ಎಂದು ಮೇಷ್ಟ್ರು ಗುಡುಗಿದರು. ಊಟಕ್ಕೂ ಏಳದೆ ಹೊಸ ಹಾಳೆ ಹಾಸಿ, ಹೆಂಡತಿಯ 'ಪರವಾಗಿಲ್ಲ'ವನ್ನು ಎರಡಕ್ಕಿಳಿಸಿ, ಮಗಳ 'ಹೂಂ'ಗಳನ್ನೆಲ್ಲ ಅನೂರ್ಜಿತಗೊಳಿಸಿದರು. ಸಂಜೆಗೆ ಮೊದಲನೇ ಮನೆ ಗೆದ್ದಿತು.

"ಅದೇನಾ?" ಎಂದಳು ಹೆಂಡತಿ, ಬಟ್ಟೆ ಮಡಿಸುತ್ತ. "ಅದಕ್ಕೆ ನಾನು ಶುಕ್ರವಾರಾನೇ ಒಪ್ಪಿಗೆ ಹೇಳಿ ಬಂದಿದ್ದೀನಿ."

"ಯಾವ ಆಧಾರದ ಮೇಲೆ?"

"ಮೆಟ್ಟಿಲಿಲ್ಲ, ಅತ್ತೆ ಓಡಾಡ್ತಾರೆ. ಒಳಗೆ ಕಾಲಿಟ್ಟ ತಕ್ಷಣ ಹಿಡಿಸ್ತು."

"ಬೆಳಿಗ್ಗೇನೇ ಬಾಯಿ ಬಿಡೋಕೇನಾಗಿತ್ತು?"

"ಅಷ್ಟು ಆಸೆಯಿಂದ ಲೆಕ್ಕ ಹಾಕ್ತಾ ಕೂತಿದ್ರಿ. ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ. ಏಳಿ, ಆ ಮನೆಯೋರು ನಿಮ್ಮನ್ನ ಒಂದ್ಸಲ ನೋಡ್ಬೇಕಂತೆ."

ಎಲ್ಲರನ್ನೂ ಅಳೆದ ತನ್ನನ್ನು ಯಾರೋ ನೋಡುವುದೆಂದರೇನು! ಮೇಷ್ಟ್ರು ಬುಸುಗುಡುತ್ತಲೇ ಹೆಂಡತಿಯ ಹಿಂದೆ ಹೋದರು. ಬಾಗಿಲು ತೆರೆದ ಮನೆಯೊಡತಿ ಕನ್ನಡಕ ಏರಿಸಿ, ಅವರನ್ನು ನೆತ್ತಿಯಿಂದ ಚಪ್ಪಲಿಯವರೆಗೆ ನಿಧಾನವಾಗಿ ನೋಡಿದರು.

"ಸುಮಾರಾಗಿದ್ದಾರೆ," ಎಂದು ನಿಟ್ಟುಸಿರಿಟ್ಟು, ಬೀಗದ ಕೈಯನ್ನು ಹೆಂಡತಿಯ ಕೈಗಿತ್ತರು. "ಇರ್ಲಿ ಬಿಡಮ್ಮ. ನಿನ್ನ ಮುಖ ನೋಡಿ ಕೊಡ್ತಿದ್ದೀನಿ."

'ಸುಮಾರು' ಎಂದರೆ ಹತ್ತಕ್ಕೆ ಎಷ್ಟು ಎಂದು ಕೇಳಲು ಮೇಷ್ಟ್ರು ಬಾಯಿ ತೆರೆದರು. ಹೆಂಡತಿ ಮೊಣಕೈಯಿಂದ ತಿವಿದಳು.