ಸ್ಮಾರ್ಟ್ ಸಾಮಾನು, ಶಾಣ್ಯಾ ಗಿರಾಕಿ

ಡೊಂಬಿವ್ಲಿಯ ಅಂಗಡಿಯೊಂದರಿಂದ ಮನೆಮನೆಗೆ ಹೋಗಿ ಸ್ಮಾರ್ಟ್ ಸಾಮಾನು ಜೋಡಿಸಿಕೊಡುವುದು ನನ್ನ ಕೆಲಸ. ಜನ ಇವನ್ನೆಲ್ಲ ಯಾಕೆ ಕೊಳ್ಳುತ್ತಾರೆ ಎಂದು ಕಂಪನಿಯವರು ನಮಗೆ ತರಬೇತಿಯನ್ನೇ ಕೊಟ್ಟಿದ್ದಾರೆ. ಆ ಕಾರಣಕ್ಕೆ ಕೊಂಡ ಗಿರಾಕಿ ಮಾತ್ರ ನನಗೆ ಇದುವರೆಗೆ ಸಿಕ್ಕಿಲ್ಲ.

ಎದುರುಬದುರು

ಠಾಕುರ್ಲಿಯಲ್ಲಿ ಒಬ್ಬರು ಬಾಗಿಲಿಗೆ ಕ್ಯಾಮೆರಾ ಬೆಲ್ ಹಾಕಿಸಿದರು.

"ಕಳ್ಳರ ಕಾಟವಾ ಸಾರ್?"

"ಛೇ, ಎದುರು ಮನೆಯವರು ಹಾಕಿಸಿದ್ದಾರೆ. ನಮ್ಮ ಮನೆಗೆ ಯಾರು ಬಂದರು ಅಂತ ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತೆ!"

ಕೆಲಸ ಮುಗಿಸಿ ಹೊರಬಂದೆ. ಎದುರು ಮನೆಯ ಬೆಲ್ಲಿನೊಳಗಿಂದ ಆ ಮನೆಯವರ ದನಿ ಮರಾಠಿಯಲ್ಲಿ ಪಿಸುಗುಟ್ಟಿತು: "ಭಾವೂ, ಅವರದು ನಮ್ಮದಕ್ಕಿಂತ ದೊಡ್ಡದಾ?"

ಮರ್ಯಾದೆ ಪ್ರಶ್ನೆ

ಕಾಮೋಠೆಯಲ್ಲಿ ಉಡುಪಿ ಕಡೆಯ ಹೋಟೆಲಿನವರೊಬ್ಬರು ಕಸ ಗುಡಿಸುವ ಯಂತ್ರ ಕೊಂಡರು. ಮರುದಿನವೇ ಅವರ ಹೆಂಡತಿಯ ಫೋನ್, ಅದು ಕಸ ಹೆಕ್ಕುವುದೇ ಇಲ್ಲವಂತೆ. ಹೋಗಿ ನೋಡಿದರೆ ನೆಲ ಫಳಫಳ, ಅವರ ಕೈಯಲ್ಲಿ ಪೊರಕೆ.

"ಅಕ್ಕಾ, ನೀವೇ ಗುಡಿಸಿದ ಮೇಲೆ ಅದೇನು ಹೆಕ್ಕಬೇಕು?"

"ಗುಡಿಸದೆ ಬಿಡುವುದು ಹೇಗೆ ಮಾರಾಯ? ಅದಕ್ಕೆ ಕ್ಯಾಮೆರಾ ಉಂಟಲ್ಲ. ನಮ್ಮ ಮನೆ ಕಸ ಕಂಪನಿಯವರು ನೋಡಿದ್ರೆ ಮರ್ಯಾದೆ ಏನಾಗ್ತದೆ?"

ಮಡಿ

ಡೊಂಬಿವ್ಲಿಯಲ್ಲೇ ಇರುವ ಧಾರವಾಡದ ಅಜ್ಜಿಯೊಬ್ಬರು ನನಗೆ ತುಂಬಾ ಇಷ್ಟ. ಸ್ನಾನ ಮಾಡಿ ಮಡಿಯುಟ್ಟರೆಂದರೆ, ಪೂಜೆ ಮುಗಿಯುವವರೆಗೆ ಹತ್ತು ಜನ ಮುಟ್ಟಿದ ಸ್ವಿಚ್ಚನ್ನು ಅವರು ಮುಟ್ಟುವುದಿಲ್ಲ. ಲೈಟು ಹಾಕಲು ಸೊಸೆಯೇ ಬರಬೇಕು. ಸೊಸೆಗೋ ಮಹಾಪೆಯ ಆಫೀಸಿಗೆ ಹೊರಡುವ ಗಡಿಬಿಡಿ.

"ದೇವರ ಮಾರಿ ನೋಡ್ಲಿಕ್ಕೂ ಆಕೀಗೆ ಕಾಯಬೇಕೇನಪಾ?" ಎಂದರು ಅಜ್ಜಿ. ನನಗೆ ಪಾಪ ಅನ್ನಿಸಿತು.

ಮಾತು ಕೇಳುವ ಸ್ಪೀಕರು, ಅದಕ್ಕೆ ಹೊಂದುವ ಬಲ್ಬು ಎರಡನ್ನೂ ದೇವರ ಮನೆಯಲ್ಲಿ ಕೂರಿಸಿದೆ. ಅಜ್ಜಿ ದೂರದಿಂದಲೇ, ನಾನು ಹೇಳಿಕೊಟ್ಟ ಹಿಂದಿಯಲ್ಲಿ, "ಬತ್ತಿ ಜಲಾವ್" ಎಂದರು. ಲೈಟು ಹತ್ತಿತು. ಅಜ್ಜಿಯ ಮುಖ ಅರಳಿತು.

ಕೆಲವೇ ದಿನಗಳಲ್ಲಿ ಅಳುದನಿಯ ಫೋನ್. "ಅದು ಮಾತೇ ಬಿಟ್ಟದ. ನಾಳಿಂದ ಮತ್ತ ಸೊಸೀನ್ನ ಕರೀಲೇನು?"

ಓಡಿಹೋಗಿ ಸ್ಪೀಕರಿಗೆ ಕೈ ಚಾಚಿದೆ.

"ಮುಟ್ಟಬ್ಯಾಡ! ಲೋಕಲ್‌ ರೈಲಿನ್ಯಾಗ ಊರ ಮಂದೀಗೆಲ್ಲಾ ತಿಕ್ಕೊಂಡು ಬಂದೀ. ಅದು ಮಡಿಯೊಳಗ ಅದ!"

ನನಗೆ ಸ್ನಾನ ಮಾಡಿಸಿ, ಮಗನ ಪಂಚೆ ಉಡಿಸಿಯೇ ಒಳಗೆ ಬಿಟ್ಟರು. ಸ್ಪೀಕರು ಎತ್ತಿದರೆ ನೀರು ತೊಟ್ಟಿಕ್ಕಿತು. ಮೇಲಿನ ತೂತಿಗೆ ತುಳಸಿ ದಳ ಅಂಟಿತ್ತು. ಅದರ ಮಡಿ ಕೆಡಬಾರದೆಂದು ಅಜ್ಜಿ ದಿನಾ ಒಂದು ಉದ್ಧರಣೆ ನೀರು ಹಾಕುತ್ತಿದ್ದರಂತೆ.

"ಅಜ್ಜಿ, ನೀರು ಬಿದ್ದರೆ ಕಂಪನಿಯವರು ಬದಲಿಸಿ ಕೊಡುವುದಿಲ್ಲ," ಎಂದೆ ಸಂಕಟದಿಂದ.

ಅಜ್ಜಿ ಧೈರ್ಯ ತುಂಬಿದರು: "ಯಾಕ ಕೊಡೂದಿಲ್ಲ? ನೀರಲ್ಲಪಾ, ತೀರ್ಥ ಅಂತ ಹೇಳು!"