ಆಂಗ್ ಮೋ ಕಿಯೋ ಶಾಖೆಯ ಬಾಗುವ ನಿಯಮಗಳು

ಭಾಗೀರಥಿಯವರ ಹಳೆಯ ಡೈರಿಯ ಪ್ರಕಾರ, 2023ರ ಮಾರ್ಚ್ 6, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸುವರ್ಣಸೇತು ಬ್ಯಾಂಕಿನ, ಸಿಂಗಪುರದ ಆಂಗ್ ಮೋ ಕಿಯೋ ಬಡಾವಣೆಯ ಶಾಖೆಯ ಸಿಬ್ಬಂದಿ ಗ್ರಾಹಕರಿಗೆ ಬೆನ್ನು ತಿರುಗಿಸಿ ಟೀವಿ ನೋಡುತ್ತಿದ್ದರು. ಅದು ಕಚೇರಿಯ ಕೆಲಸವೇ ಆಗಿತ್ತು.

ಶಾಖೆ ಸೊರಗಿತ್ತು. ಮೂರು ತಿಂಗಳಲ್ಲಿ ಚೇತರಿಸಿಕೊಳ್ಳದಿದ್ದರೆ ಬಾಗಿಲು ಹಾಕುವುದೆಂದು ಪ್ರಧಾನ ಕಚೇರಿ ತಿಳಿಸಿತ್ತು. ಮ್ಯಾನೇಜರ್ ಪ್ರತಾಪ್ ಮದ್ದು ಕಂಡುಹಿಡಿದಿದ್ದರು: ಹನ್ನೊಂದು ಕಂತುಗಳ ಒಂದು ಜಪಾನಿ ಧಾರಾವಾಹಿ. ಅದರಲ್ಲೂ ಮುಳುಗುತ್ತಿರುವ ಬ್ಯಾಂಕ್ ಶಾಖೆಯೊಂದಿತ್ತು. ಪ್ರತಿ ಕಂತಿನ ಕೊನೆಯ ಹತ್ತು ನಿಮಿಷದಲ್ಲಿ ಸಿಬ್ಬಂದಿಯೆಲ್ಲ ಗ್ರಾಹಕರೆದುರು ಸೊಂಟ ಬಗ್ಗಿಸುತ್ತಿದ್ದರು, ಶಾಖೆ ಉಳಿಯುತ್ತಿತ್ತು. ಹನ್ನೊಂದು ಕಂತುಗಳಲ್ಲಿ ಒಬ್ಬರೂ ಒಂದು ಚೆಕ್ ಪಾಸ್ ಮಾಡಿದ್ದನ್ನು ಭಾಗೀರಥಿ ನೋಡಲಿಲ್ಲ.

ಸುತ್ತೋಲೆ ಹೊರಟಿತು: "ಉಳಿತಾಯ ಖಾತೆದಾರರಿಗೆ ಹದಿನೈದು ಡಿಗ್ರಿ, ಠೇವಣಿದಾರರಿಗೆ ಮೂವತ್ತು, ಗೃಹಸಾಲ ಕೇಳುವವರಿಗೆ ನಲವತ್ತೈದು ಡಿಗ್ರಿ ಬಾಗತಕ್ಕದ್ದು. ದೂರು ತಂದವರಿಗೆ ಮುಂದಿನ ಆದೇಶದವರೆಗೆ ಬಾಗತಕ್ಕದ್ದಲ್ಲ." ಗೋಡೆಗೆ ಆಳೆತ್ತರದ ಕೋನಮಾಪಕ ಬಂತು. ಅಭ್ಯಾಸಕ್ಕೆ ಅನುಕೂಲವಾಗಲೆಂದು ಆರು ಕೌಂಟರುಗಳಲ್ಲಿ ಐದನ್ನು ಮುಚ್ಚಲಾಯಿತು.

ತೆರೆದಿದ್ದ ಮೂರನೇ ಕೌಂಟರಿನಲ್ಲಿ ಭಾಗೀರಥಿಯವರ ಸೊಸೆ ಹಂಸಾ ಇದ್ದಳು.

"ನೀನ್ಯಾಕೆ ಪ್ರಾಕ್ಟೀಸಿಗೆ ಹೋಗ್ಲಿಲ್ಲ?" ಊಟದ ಡಬ್ಬಿ ತಂದ ಅತ್ತೆ ಕೇಳಿದರು.

"ನಾನೂ ಬಗ್ಗಿ ನಿಂತ್ರೆ ಕ್ಯೂ ಯಾರು ಕ್ಲಿಯರ್ ಮಾಡ್ತಾರೆ, ಅತ್ತೆ? ಆ ಅಂಕಲ್ ಒಂಬತ್ತೂವರೆಯಿಂದ ನಿಂತಿದ್ದಾರೆ."

ಭಾಗೀರಥಿ ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ ಪದಕ ಪಡೆದವರು. ಲೆಕ್ಕವಿಲ್ಲದ ಮಾತು ಅವರಿಗೆ ಮಾತೇ ಅಲ್ಲ. ಅಂದಿನಿಂದ ದಿನವೂ ಗ್ರಾಹಕರ ಕುರ್ಚಿಯಲ್ಲಿ ಕೂತು ಯಾರು ಎಷ್ಟು ಕೆಲಸ ಮಾಡಿದರೆಂದು ಬರೆದರು. ಅರ್ಧ ಮಾಹಿತಿಯ ಪಟ್ಟಿ ಪಟ್ಟಿಯಲ್ಲವೆಂದು, ಯಾರು ಎಷ್ಟು ಸಲ ಬಾಗಿದರೆಂಬುದಕ್ಕೂ ಒಂದು ಕಾಲಂ ಹಾಕಿದರು.

ಮೇ ಕೊನೆಯಲ್ಲಿ ಪ್ರತಾಪ್ ಕೈ ಉಜ್ಜುತ್ತ ಬಂದರು. "ಆಂಟಿ, ಲಾಸ್ಟ್ ಎಪಿಸೋಡಲ್ಲಿ ಒಬ್ರು ರೆಸ್ಪಾನ್ಸಿಬಿಲಿಟಿ ತಗೊಂಡು ರಿಸೈನ್ ಮಾಡ್ತಾರೆ. ಆಗ್ಲೇ ಬ್ರಾಂಚ್ ಉಳಿಯೋದು. ಹೆಡ್ ಆಫೀಸೂ ಅಪ್ರೂವ್ ಮಾಡಿದೆ."

"ಮ್ಯಾನೇಜರ್ ನೀವು ತಾನೇ? ನೀವೇ ಮಾಡಿ."

"ನಾನ್ ಹೋದ್ರೆ ಬಾಗೋಕೆ ಲೀಡ್ ಮಾಡೋರ್ಯಾರು, ಆಂಟಿ? ಯಾರ ಪರ್ಫಾರ್ಮೆನ್ಸ್ ವೀಕು ಅಂತ ನೋಡ್ತಿದ್ದೀವಿ."

ಭಾಗೀರಥಿಗೆ ಬೇಕಾಗಿದ್ದೂ ಅದೇ. ಡೈರಿಯನ್ನು ಮೇಜಿನ ಮೇಲಿಟ್ಟರು. "ಓದ್ಕೊಳ್ಳಿ. ಹಂಸಾ, ಎರಡು ಸಾವಿರದ ನೂರ ಹನ್ನೆರಡು ಗ್ರಾಹಕರು. ನಿಮ್ಮ ಉಳಿದ ಐದು ಜನ ಸೇರಿ ಹದಿನೇಳು."

ಪ್ರತಾಪ್ ಭಕ್ತಿಯಿಂದ ಓದಿದರು, ಜೆರಾಕ್ಸ್ ಮಾಡಿಸಿದರು, ಪುಟಪುಟಕ್ಕೂ ಸಹಿ ಕೇಳಿದರು. ಭಾಗೀರಥಿ ಪ್ರತಿ ಸಹಿಯ ಮುಂದೆ ಬಿ.ಎಸ್ಸಿ. ಎಂದೂ ಬರೆದರು.

ಮರುದಿನ ನೋಟಿಸು ಬಂತು: "ಶ್ರೀಮತಿ ಹಂಸಾ ಅವರು 2,112 ಗ್ರಾಹಕರೆದುರು ಒಮ್ಮೆಯೂ ಬಾಗಿಲ್ಲವೆಂಬುದು ವಿದ್ಯಾವಂತ ಗ್ರಾಹಕರೊಬ್ಬರ ಸಹಿಯುಳ್ಳ ದಾಖಲೆಯಿಂದ ಸಾಬೀತಾಗಿದೆ. ಹೊಣೆ ಹೊತ್ತು ಅವರು ರಾಜೀನಾಮೆ ನೀಡತಕ್ಕದ್ದು."

"ಅವಳು ನನ್ನ ಸೊಸೆ ಕಣ್ರೀ!"

"ಮನೆಯವರೇ ಬರೆದುಕೊಟ್ಟಿದ್ದೀರಿ, ಅದಕ್ಕೇ ವ್ಯಾಲ್ಯೂ ಜಾಸ್ತಿ." ಪ್ರತಾಪ್ ದನಿ ತಗ್ಗಿಸಿದರು. "ಒಂದ್ ಕೆಲ್ಸ ಮಾಡಿ ಆಂಟಿ. ಲೆಕ್ಕ ತಪ್ಪಾಗಿದೆ ಅಂತ ಎರಡು ಲೈನ್ ಬರೆದ್ಕೊಡಿ. ನೋಟಿಸ್ ಈಗ್ಲೇ ಹರಿದ್ ಹಾಕ್ತೀನಿ."

ಹಂಸಾ ಕೌಂಟರಿನಿಂದ ಅತ್ತೆಯನ್ನೇ ನೋಡುತ್ತಿದ್ದಳು. ಪ್ರತಾಪ್ ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದರು.

"ನನ್ನ ಲೆಕ್ಕ ತಪ್ಪೋದಿಲ್ಲ," ಎಂದರು ಭಾಗೀರಥಿ.

ಬೀಳ್ಕೊಡುಗೆಯ ದಿನ ಐವರೂ, ಮ್ಯಾನೇಜರೂ ಹಂಸಾಳೆದುರು ನಲವತ್ತೈದು ಡಿಗ್ರಿ ಬಾಗಿದರು. ಹನ್ನೊಂದು ಸೆಕೆಂಡು. ಡೈರಿಯಲ್ಲಿದೆ. ಶಾಖೆಗೆ ಮಾದರಿ ಶಾಖೆಯ ಫಲಕ ಬಂತು. ಮೂರನೇ ಕೌಂಟರನ್ನೂ ಮುಚ್ಚಿದ್ದರಿಂದ ಗ್ರಾಹಕರಿಗೆ ಈಗ ಟೀವಿಯೆದುರು ಕುರ್ಚಿ ಹಾಕಿದ್ದಾರೆ. ಕಥೆ ಚೆನ್ನಾಗಿದೆಯೆಂದು ಅವರೂ ಒಪ್ಪುತ್ತಾರೆ.

ಒಟ್ಟು ಖರ್ಚಾದದ್ದು ಇಷ್ಟು: ಹಂಸಾಳ ಒಂಬತ್ತು ವರ್ಷದ ಕೆಲಸ, ಒಂದು ಆಳೆತ್ತರದ ಕೋನಮಾಪಕ, ಮುನ್ನೂರು ಹಾಳೆ ಜೆರಾಕ್ಸ್. ಸೊಸೆ ಈಗ ಅತ್ತೆಯೊಡನೆ ದಿನಕ್ಕೆ ಸರಾಸರಿ ಆರು ಮಾತು ಆಡುತ್ತಾಳೆ. ಮೊದಲು ಎಷ್ಟು ಆಡುತ್ತಿದ್ದಳೆಂಬುದು ಡೈರಿಯಲ್ಲಿ ದಾಖಲಾಗಿಲ್ಲ.